ಹದಿನಾರರ ದನಿ

ನವೆಂಬರ್ ೧೨, ಭಾನುವಾರ

ನನ್ನ ಗುಬ್ಬಿಗೆ,

ಅಮ್ಮನ ತುಂಬು ಆಶೀರ್ವಾದ. ಪತ್ರ ನೋಡಿ ಹುಬ್ಬೇರಿಸಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ನನ್ನ ದನಿ ಕೇಳಿದ ಕೂಡಲೇ ನಿನಗೆ ಸಿಟ್ಟು ಬರುತ್ತದೆ. ಕಾಗದಕ್ಕೆ ದನಿಯಿಲ್ಲ, ಅದೇ ವಾಸಿ ಎಂದು ಬರೆಯಲು ಕೂತೆ. ಇಷ್ಟು ತಡಮಾಡಿದ್ದು ತಪ್ಪು. ಬರೆಯಲು ಹೋದಾಗಲೆಲ್ಲ ಎರಡನೇ ಸಾಲಿಗೇ ಜಗಳ ಶುರುವಾಗುತ್ತಿತ್ತು, ಹರಿದು ಹಾಕುತ್ತಿದ್ದೆ.

ಅಪ್ಪ ಚೆನ್ನಾಗಿದ್ದಾರೆ. ಕನ್ನಡಕದ ಅಂಗಡಿಗೆ ನಿಲುವುಗನ್ನಡಿ ಹಾಕಿಸಿದ್ದಾರೆ. ಗಿರಾಕಿಗಳಿಗಿಂತ ತಾವೇ ಹೆಚ್ಚು ನೋಡಿಕೊಳ್ಳುತ್ತಾರೆ. ನಿನ್ನ ಕೋಣೆಯ ಕಿಟಕಿಯ ಚಿಲಕ ಸರಿಮಾಡಿಸಿದೆ. ನಿನ್ನ ಸಾಮಾನು ಒಂದನ್ನೂ ಮುಟ್ಟಿಲ್ಲ, ನಿನ್ನಾಣೆ. ರಜಕ್ಕೂ ಹಾಸ್ಟೆಲಿನಲ್ಲೇ ಇರುತ್ತೇನೆಂದು ಅಪ್ಪನಿಗೆ ಹೇಳಿದೆಯಂತೆ. ಅದನ್ನು ನನಗೆ ತಿಳಿಸುವಾಗ ಅವರು ಕೈಯಲ್ಲಿದ್ದ ಕನ್ನಡಕ ಒರೆಸಿದ್ದೇ ಒರೆಸಿದ್ದು. ಆ ವಿಷಯಕ್ಕೇ ಈ ಪತ್ರ. ಆದರೆ ಮೊದಲು ಒಂದು ಸಿನಿಮಾದ ಕಥೆ ಹೇಳಬೇಕು.

ಹೋದ ತಿಂಗಳು ಡಬ್ಬಿಂಗ್ ಸ್ಟುಡಿಯೋದಿಂದ ಕರೆ ಬಂತು. ನಿನಗೆ ಗೊತ್ತಲ್ಲ, ನಾನು ಹದಿನಾರರಲ್ಲಿ ಈ ಕಸುಬಿಗೆ ಬಂದವಳು. ಮೊದಲ ದಿನವೇ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅಂದಿನಿಂದ ತೆರೆಯ ಮೇಲೆ ಯಾವ ಹದಿನಾರರ ಹುಡುಗಿ ನಕ್ಕರೂ ಅತ್ತರೂ ಗಂಟಲು ನನ್ನದು. ಈ ಚಿತ್ರದಲ್ಲೂ ಒಬ್ಬ ಶಾಲಾ ಹುಡುಗಿ ಇದ್ದಾಳೆ ಎಂದರು. ಬಿಸಿನೀರಿನ ಫ್ಲಾಸ್ಕ್ ಹಿಡಿದು, ದಾರಿಯುದ್ದಕ್ಕೂ ದನಿ ಹದಮಾಡಿಕೊಳ್ಳುತ್ತ ಹೋದೆ. ನಿರ್ದೇಶಕಿ ನಿನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು. "ಹುಡುಗಿ ಪಾತ್ರಕ್ಕಲ್ಲ ಮೇಡಂ. ಅವಳಿಗೆ ವಯಸ್ಸಾದ ಮೇಲಿನ ಪಾತ್ರಕ್ಕೆ" ಎಂದಳು. ಹುಡುಗಿಗೆ ದನಿ ಕೊಡಲು ಕಾಲೇಜಿನವಳೊಬ್ಬಳು ಬಂದು ಕೂತಿದ್ದಳು, ಬಾಯಲ್ಲಿ ಚೂಯಿಂಗ್ ಗಮ್. ನನ್ನ ಮುಖ ಊದಿಕೊಂಡಿತು. ಬ್ಯಾಗು ಹೆಗಲಿಗೇರಿಸಿದವಳು, ಬಂದದ್ದು ಬಂದಾಯಿತು, ಚಿತ್ರವನ್ನಾದರೂ ನೋಡಿ ಹೋಗೋಣ ಎಂದು ಕೂತೆ.

ತೆರೆಯ ಮೇಲಿನ ಆ ಹೆಂಗಸನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ವಯಸ್ಸು ನಲವತ್ತು ದಾಟಿದೆ. ಶಾಲೆಯಲ್ಲಿ ಓಟದ ಬಹುಮಾನಗಳನ್ನೆಲ್ಲ ಬಾಚಿಕೊಂಡವಳು, ಹುಡುಗರನ್ನೆಲ್ಲ ತನ್ನ ಹಿಂದೆ ಸುತ್ತಿಸಿದವಳು. ಈಗ ಕೆಲಸ ಬಿಟ್ಟು ಹಳೆಯ ಊರಿಗೆ ಬಂದು ಗೆಳತಿಯ ಮನೆಯಲ್ಲಿ ಠಿಕಾಣಿ ಹೂಡುತ್ತಾಳೆ. ಎಲ್ಲರೂ ತನ್ನನ್ನು ಶಾಲೆಯ ಅಡ್ಡಹೆಸರಿನಿಂದಲೇ ಕರೆಯಬೇಕು. ಗೆಳತಿಯ ಗಂಡ ದುಡಿದು ಬಂದು ಊಟಕ್ಕೆ ಕೂತರೆ ಅವನ ಮುಂದೆ ತನ್ನ ಓಟದ ಪುರಾಣ. ಗೆಳತಿಯ ಮಗಳ ಹುಟ್ಟುಹಬ್ಬದಲ್ಲಿ ಹುಡುಗಿಯರ ನಡುವೆ ನುಗ್ಗಿ ಕುಣಿದು, ಕೇಕ್ ಕತ್ತರಿಸುವ ಚಾಕುವನ್ನೂ ತಾನೇ ಹಿಡಿಯುತ್ತಾಳೆ. "ಇವಳಿಗೆ ನಾಚಿಕೆ ಅನ್ನೋದೇ ಇಲ್ವಾ?" ಎಂದು ಗಟ್ಟಿಯಾಗಿಯೇ ಕೇಳಿದೆ. ನಿರ್ದೇಶಕಿ, "ಇಲ್ಲ ಮೇಡಂ. ದಯವಿಟ್ಟು ಅವಳನ್ನ ಒಳ್ಳೆಯವಳು ಮಾಡೋಕೆ ಹೋಗಬೇಡಿ. ಜನ ಅಯ್ಯೋ ಪಾಪ ಅನ್ನಬಾರದು" ಎಂದಳು.

ಇಂಥವಳಿಗೆ ದನಿ ಕೊಡುವುದು ಏನು ಮಹಾ ಎಂಬ ಜಂಬದಲ್ಲಿ ಒಪ್ಪಿಕೊಂಡೆ. ಮೈಕಿನ ಮುಂದೆ ನಿಂತರೆ ಬಾಯಿಂದ ಹೊರಟಿದ್ದು ಅದೇ ಹದಿನಾರರ ಹುಡುಗಿ. ತೆರೆಯ ಮೇಲೆ ಕಣ್ಣಂಚಿನ ಸುಕ್ಕು, ಕಿವಿಗೆ ಎಳೆ ದನಿ. ಗಾಜಿನ ಆಚೆಯಿಂದ ರೆಕಾರ್ಡ್ ಮಾಡುವವನು, "ಅಕ್ಕಾ, ಮತ್ತೆ ಪಾಪು ಬಂತು" ಎನ್ನುವುದು. ಗಂಟಲು ಕೆರೆದು ದಪ್ಪ ಮಾಡಿದರೆ, "ಈಗ ಪಾಪುವಿನ ಅಜ್ಜಿ ಬಂದ್ರು" ಎನ್ನುವುದು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಡುವಿನ ದನಿ ನನ್ನ ಹತ್ತಿರ ಇರಲೇ ಇಲ್ಲ ಕಣೇ. ದಿನವೆಲ್ಲ ಒದ್ದಾಡಿದೆ.

ಎಲ್ಲಕ್ಕಿಂತ ಕಾಡಿದ್ದು ಒಂದು ಪುಟ್ಟ ಮಾತು. ಹುಟ್ಟುಹಬ್ಬಕ್ಕೆ ಬಂದವರೆಲ್ಲ ಹೋಗಿದ್ದಾರೆ. ಇವಳೊಬ್ಬಳು ಕುರ್ಚಿಯ ಮೇಲೆ ಬಲೂನು ಒಡೆಯುತ್ತ ಕೂತಿದ್ದಾಳೆ. ಗೆಳತಿಯ ಮಗಳು ಬಂದು ಮೆಲ್ಲಗೆ, "ಆಂಟಿ, ನೀವು ಯಾವಾಗ ಹೋಗ್ತೀರಾ?" ಎಂದು ಕೇಳುತ್ತಾಳೆ. ಇವಳು, "ಇನ್ನೇನು, ಹೊರಟೆ" ಎನ್ನಬೇಕು. ನಾನು ಹೇಗೆ ಹೇಳಿದರೂ ನಿರ್ದೇಶಕಿ ತಲೆಯಾಡಿಸಿ ಬೇಡವೆಂದಳು. ಸಾಕಾಗಿಹೋಗಿ, ಗಾಜಿನ ಕಡೆ ತಿರುಗಿ, "ಸ್ವಲ್ಪ ನೀರು ಕೊಡ್ತೀಯೇನಪ್ಪಾ" ಎಂದೆ. ಅವನು ತಟ್ಟನೆ, "ಅಕ್ಕಾ, ಅದೇ! ಅದೇ ದನೀಲಿ ಹೇಳಿ" ಎಂದ. ರೆಕಾರ್ಡ್ ಆದದ್ದನ್ನು ಕೇಳಿಸಿದ. ಯಾರೋ ದಣಿದ ಹೆಂಗಸು ನೀರು ಕೇಳುತ್ತಿದ್ದಳು. ಒಂದಿಷ್ಟು ಒರಟು, ಒಂದಿಷ್ಟು ಅಂಜಿಕೆ. ಅದು ನಾನೆಂದು ನನಗೆ ಗುರುತೇ ಸಿಗಲಿಲ್ಲ. ಮನೆಗೆ ಬಂದು ಹೇಳಿದರೆ ಅಪ್ಪ, "ಅಡುಗೆಮನೇಲಿ ಒಬ್ಬಳೇ ಇರುವಾಗ ನೀನು ಹಾಗೇ ಅಲ್ವಾ ಮಾತಾಡೋದು? ನಾನು ಕೇಳಿ ಕೇಳಿ ಮುದುಕ ಆದೆ" ಎಂದರು. ಊರಿಗೆಲ್ಲ ಗೊತ್ತಿದ್ದದ್ದು ನನಗೆ ಮಾತ್ರ ಗೊತ್ತಿರಲಿಲ್ಲ.

ಮರುದಿನದಿಂದ ಅದೇ ದನಿಯಲ್ಲಿ ಇಡೀ ಚಿತ್ರ ಮುಗಿಸಿಕೊಟ್ಟೆ. ಅವಳ ಮೇಲೆ ಪ್ರೀತಿ ಉಕ್ಕಿತೆಂದು ತಿಳಿಯಬೇಡ. ಈಗಲೂ ಎದುರು ಸಿಕ್ಕರೆ ಕೆನ್ನೆಗೆ ಎರಡು ಬಿಗಿಯಬೇಕೆನಿಸುತ್ತದೆ. ಆದರೆ ಅವಳು ಯಾಕೆ ಅಲ್ಲಿಂದ ಏಳುವುದಿಲ್ಲ ಎನ್ನುವುದು ಅರ್ಥವಾಯಿತು. ಎದ್ದು ಹೋಗಲು ಬೇರೊಂದು ವಯಸ್ಸನ್ನು ಅವಳು ಮಾಡಿಕೊಂಡೇ ಇಲ್ಲ.

ಈಗ ನಮ್ಮಿಬ್ಬರ ವಿಷಯ. ಆವತ್ತು ನೀನು ಸ್ನಾನಕ್ಕೆ ಹೋಗಿದ್ದೆ. ನಿನ್ನ ಫೋನ್ ಹೊಡೆದುಕೊಂಡಿತು, ನಾನು ಎತ್ತಿ "ಹಲೋ" ಎಂದೆ. ನಿನ್ನ ಗೆಳತಿ ನನ್ನನ್ನೇ ನೀನೆಂದುಕೊಂಡು ಶುರು ಹಚ್ಚಿಕೊಂಡಳು. ನಾನು ತಿದ್ದಲಿಲ್ಲ. ತಮಾಷೆ ಅನ್ನಿಸಿತು, ನಿಜ ಹೇಳಬೇಕೆಂದರೆ, ಖುಷಿಯಾಯಿತು. ತಲೆಗೆ ಟವೆಲ್ ಸುತ್ತಿಕೊಂಡು ನೀನು ಹೊರಗೆ ಬರುವ ಹೊತ್ತಿಗೆ ನಾನು ನಿನ್ನ ನಗುವನ್ನೇ ನಗುತ್ತಿದ್ದೆ. ನೀನು ಫೋನ್ ಕಿತ್ತುಕೊಂಡು, "ನಿನ್ನ ವಯಸ್ಸು ಮುಗೀತಮ್ಮಾ. ನನ್ನದಕ್ಕೆ ಕೈ ಹಾಕಬೇಡ" ಎಂದುಬಿಟ್ಟೆ. "ಎರಡು ಮಾತಿಗೆ ಇಷ್ಟು ರಂಪಾನಾ?" ಎಂದು ನಾನು ನಿನ್ನ ಮೇಲೇ ಹರಿಹಾಯ್ದೆ. ಆ ವಾರವೇ ನೀನು ಹಾಸ್ಟೆಲ್ ಸೇರಿದೆ.

ಅದು ರಂಪವಾಗಿರಲಿಲ್ಲ. ನೀನು ಹೇಳಿದ್ದು ಸರಿಯಾಗಿತ್ತು. ಇನ್ನು ಮೇಲೆ ಹುಡುಗಿಯರ ಪಾತ್ರಕ್ಕೆ ಕರೆಯಬೇಡಿ ಎಂದು ಸ್ಟುಡಿಯೋದವರಿಗೆ ತಿಳಿಸಿದ್ದೇನೆ. ಅವರು ತಲೆ ಕೆಟ್ಟಿದೆಯಾ ಎಂದರು. ಅನ್ನಲಿ ಬಿಡು.

ರಜಕ್ಕೆ ಬಾ. ಕ್ಷಮಿಸಿಯೇ ಬರಬೇಕೆಂದಿಲ್ಲ, ಸಿಟ್ಟಿನಲ್ಲೇ ಬಾ. ಬಾಗಿಲು ಧಡಾರನೆ ಹಾಕಿಕೊಂಡು ಒಳಗೇ ಇರು, ಊಟಕ್ಕೆ ಮಾತ್ರ ಹೊರಗೆ ಬಾ. ನಿನ್ನ ಫೋನ್ ಎಷ್ಟು ಹೊಡೆದುಕೊಂಡರೂ ನಾನು ಅತ್ತ ಸುಳಿಯುವುದಿಲ್ಲ.

ಚಳಿ ಶುರುವಾಗಿದೆ, ಒದ್ದೆ ತಲೆಯಲ್ಲಿ ಹೊರಗೆ ಓಡಾಡಬೇಡ. ಓದು ಕೈಹತ್ತಲಿ, ಕಣ್ತುಂಬ ನಿದ್ದೆ ಬರಲಿ, ನಿನ್ನ ವಯಸ್ಸು ಪೂರ್ತಿಯಾಗಿ ನಿನಗೇ ದಕ್ಕಲಿ.

ಇಂತಿ,
ನಿನ್ನ ಅಮ್ಮ

ಮತ್ತೊಂದು ಮಾತು: ಆವತ್ತು ಫೋನಿನಲ್ಲಿ ಏನು ಮಾತಾಯಿತೆಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಗೆಳತಿಯೂ ಹೇಳಿರಲಾರಳು, ಪಾಪ, ಅವಳ ಮೇಲೆ ಸಿಟ್ಟಾಗಬೇಡ. "ನಿಮ್ಮಮ್ಮ ಇವತ್ತೂ ಹುಡುಗಿ ಥರ ಆಡ್ತಿದಾರಾ? 'ಮನೇಲಿ ನಂಗೊಬ್ಬಳು ತಂಗಿ ಇದ್ದಾಳೆ, ಅಮ್ಮ ಇಲ್ಲ' ಅಂತ ನೀನು ಅಂತಿದ್ಯಲ್ಲ, ನಿಜ ಕಣೇ" ಎಂದಳು. ನಾನು ಅಲ್ಲಿಗೇ ಫೋನ್ ಇಡಬಹುದಿತ್ತು. ಕಸುಬಿನ ಚಾಳಿ ನೋಡು, ಎದುರಿನವರ ಮಾತು ನಿಂತ ಕೂಡಲೇ ನನ್ನ ಮಾತು ಬಂದು ಕೂರಬೇಕು. ನಿನ್ನ ದನಿಯಲ್ಲಿ, "ಹೂಂ ಕಣೇ, ಅಮ್ಮ ಇಲ್ಲ" ಎಂದೆ. ಎಂದು ನಕ್ಕೆ. ನೀನು ಕೇಳಿಸಿಕೊಂಡ ನಗು ಅದೇ. ಇಷ್ಟು ವರ್ಷ ಎಷ್ಟೋ ಹುಡುಗಿಯರ ಮಾತು ಆಡಿದ್ದೇನೆ ಗುಬ್ಬಿ, ಮನೆಗೆ ಬರುವಷ್ಟರಲ್ಲಿ ಎಲ್ಲ ಮರೆತುಹೋಗುತ್ತಿತ್ತು. ಇದೊಂದು ಹೋಗುತ್ತಿಲ್ಲ. ಆ ಮಾತು ಸುಳ್ಳು ಎಂದು ನಾನೇ ಹೇಳಿಕೊಂಡರೆ ಸಾಲದು. ನೀನು ಹೇಳಬೇಕು.