ಸಿದ್ದರಾಜು ಒಪ್ಪಿಲ್ಲ

ತಮ್ಮಾ ಸಿದ್ದರಾಜು,

ಅಲ್ಲಿ ಅವ್ವ ಹೇಗಿದ್ದಾಳೆ? ಅಪ್ಪನ ಮಂಡಿನೋವು ಅಲ್ಲಾದರೂ ಬಿಟ್ಟಿತೇ? ಕೆಂಪಮ್ಮತ್ತೆ ಈಗಲೂ ಎಲ್ಲರ ಮೇಲೆ ರೇಗ್ತಾಳೋ? ಇಲ್ಲಿ ನಿನ್ನ ಹೆಂಡತಿ ಪುಟ್ಟಲಕ್ಷ್ಮಿ ಆರೋಗ್ಯ. ನಾನೂ ಚೆನ್ನಾಗಿದ್ದೀನಿ. ಒಸಿ ಜಾಸ್ತೀನೇ ಚೆನ್ನಾಗಿದ್ದೀನಿ, ಯಾಕೆ ಅಂತ ಕೇಳು.

ಆ ಗಿಲಕಿ ಮೂಟೆಗಳು ವಾಪಸ್ ಬಂದ ದಿನ ನೆನಪಿದೆಯೇನೋ? ಅಂಗಡಿಯವರು ಕೇಳಿದ್ದು ಹಳದಿ, ನೀನು ಕಳಿಸಿದ್ದು ಹಸಿರು. ಚನ್ನಪಟ್ಟಣದ ನಮ್ಮ ಗೊಂಬೆ ಸಂಘದಲ್ಲಿ, ಎಲ್ಲರ ಮುಂದೆ, ಆರ್ಡರಿನ ಸಾಫ್ಟ್‌ವೇರ್ ಮಾಡಿಕೊಟ್ಟ ಗುತ್ತಿಗೆದಾರ ಅಂದ: "ನಮ್ಮ ಸಿಸ್ಟಮ್ ಸರಿಯಾಗೇ ಇದೆ. ಮೊದಲು ಈ ಅಜ್ಜನ ಕಣ್ಣು ತೋರಿಸ್ಕೊಂಡು ಬನ್ನಿ." ಜನ ನಕ್ಕರು. ನಲವತ್ತು ವರ್ಷ ಮರಕ್ಕೆ ಅರಗಿನ ಬಣ್ಣ ಹಿಡಿಸಿದ ನೀನು ಒಂದು ಹಸಿರು ಗಿಲಕಿ ಎತ್ತಿ ತಿರುಗಿಸಿ ತಿರುಗಿಸಿ ನೋಡ್ತಿದ್ದೆ.

ಮನೆಗೆ ಬಂದು ಅರಿಸಿನದ ಕೊಂಬು ಎತ್ತಿ ಹಿಡಿದು, "ಅಕ್ಕಾ, ಇದು ಹಳದೀನೇ ತಾನೆ?" ಅಂದೆಯಲ್ಲ... ಹೌದು ಅನ್ನೋದು ಬಿಟ್ಟು ನಾನು ಅಳು ಮರೆಸೋಕೆ ಅಡುಗೆಮನೆಗೆ ಹೋದೆ. ನೀನು ಆ ಅನುಮಾನ ಹೊತ್ತುಕೊಂಡೇ ಹೋದೆ. ಅದಕ್ಕೇ ಆ ಗುತ್ತಿಗೆದಾರನನ್ನು ನಾನು ಬಿಡಲಿಲ್ಲ.

ನಿನ್ನ ತಿಥಿ ಮುಗಿದ ಮೇಲೆ ಒಂದು ದಿನ ನೀನು ಮರ ಕಡೀತಿದ್ದ ಲೇತಿನ ಮುಂದೆ ಕೂತು ಗೋಡೆ ನೋಡ್ತಿದ್ದೆ. ಆರ್ಡರಿನಲ್ಲಿ ಬಣ್ಣದ ಹೆಸರು ಬರಲ್ಲ, ಬರೀ ನಂಬರು ಬರ್ತದೆ ಅಂತ ಒಂದೊಂದು ನಂಬರಿನ ಪಕ್ಕ ಆಯಾ ಬಣ್ಣದ ಅರಗನ್ನೇ ಗೋಡೆಗೆ ಒತ್ತಿಟ್ಟಿದ್ದೆ ನೀನು. ಮೂರಕ್ಕೆ ಹಳದಿ, ನಾಲ್ಕಕ್ಕೆ ಹಸಿರು. ಸಂಘದ ಕಂಪ್ಯೂಟರಿನಲ್ಲಿ ನೋಡಿದರೆ ಮೂರು ಕಿತ್ತಳೆ, ನಾಲ್ಕು ಹಳದಿ! ಆ ಗುತ್ತಿಗೆದಾರ ಹೊಸ ಬಣ್ಣವನ್ನು ಕೊನೆಗೆ ಸೇರಿಸೋದು ಬಿಟ್ಟು ನಡುವೆ ತುರುಕಿದ್ದ, ಯಾರಿಗೂ ಹೇಳದೆ. ಅಂಗಡಿಯವರ ಹಳದಿ ನಿನಗೆ ನಾಲ್ಕು ಅಂತ ಬಂದಿತ್ತು, ಗೋಡೆ ನೋಡಿ ನೀನು ಹಸಿರು ಹಿಡಿಸಿದ್ದೆ. ಹಾಗಾದರೆ ಕುರುಡಾಗಿದ್ದು ಯಾರ ಕಣ್ಣು?

ನಾನು ಓದಿದ್ದು ಏಳನೇ ಕ್ಲಾಸು. ಸಂಘದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕೂತೇ ಕಲಿತೆ. ಅಂಗಡಿಯ ಕಂಪ್ಯೂಟರು ನಮ್ಮದರ ಜೊತೆ ಮಾತಾಡೋ ವ್ಯವಸ್ಥೆಗೆ ವೆಬ್ ಸರ್ವೀಸ್ ಅಂತಾರೆ. ಆ ಮಾತಿಗೂ ಕರಾರು ಬೇಕು. ಅದನ್ನು ನಾನೇ ಬರೆದೆ. ಬಣ್ಣ ಹೆಸರಿನಲ್ಲೇ ಬರಬೇಕು. ಒಮ್ಮೆ ಕೊಟ್ಟ ಅರ್ಥ ಬದಲಿಸಕೂಡದು. ಬದಲಿಸಲೇಬೇಕಾದರೆ ಹೊಸ ಆವೃತ್ತಿ ಮಾಡಿ, ಮೊದಲೇ ತಿಳಿಸಿ, ಹಳೆಯದನ್ನೂ ನಡೆಸಬೇಕು. ಸಭೆಯಲ್ಲಿ ನಿನ್ನ ಗೋಡೆಯ ಫೋಟೋ ತೋರಿಸಿದೆ. ಅವತ್ತು ನಕ್ಕವರೆಲ್ಲ ನೆಲ ನೋಡಿದರು. "ಗುತ್ತಿಗೆದಾರನ್ನ ತೆಗೆದುಹಾಕೋಣ ಕಣಕ್ಕ," ಅಂದರು. ಬೇಡ, ಇಲ್ಲೇ ಇರಲಿ, ಅಂದೆ. ಅವನು ಹೊರಟುಹೋದರೆ ನನಗೇನು ಸಿಕ್ತದೆ?

ಈಗ ಅವನು ಸಾಫ್ಟ್‌ವೇರಿನಲ್ಲಿ ಏನು ತಿದ್ದಿದರೂ ಮೊದಲು ನಿನ್ನ ಹಳೆಯ ಆರ್ಡರುಗಳ ಮೇಲೆ ನಾನು ಬರೆದಿಟ್ಟ ಪರೀಕ್ಷೆ ನಡೀತದೆ. ಒಂದು ಬಣ್ಣ ತಪ್ಪಿದರೂ ಕೆಲಸ ಅಲ್ಲೇ ನಿಲ್ತದೆ. ಪರದೆ ಮೇಲೆ ದಪ್ಪ ಅಕ್ಷರದಲ್ಲಿ "ಸಿದ್ದರಾಜು ಒಪ್ಪಿಲ್ಲ" ಅಂತ ಬರ್ತದೆ. ಹೋದ ಸೋಮವಾರ ಮೂರು ಸಲ ಬಂತು.

"ಅಮ್ಮಾ, ಆ ಹೆಸರು ತೆಗೆದು ಬರೀ 'ತಪ್ಪು' ಅಂತ ಹಾಕಬಹುದಲ್ಲ," ಅಂದ.

"ಹಾಕಬಹುದು ಕಣಪ್ಪಾ. ಹಾಕಲ್ಲ."

"ಇನ್ನೆಷ್ಟು ದಿನ ಹೀಗೆ?"

"ನಿನ್ನ ಕಣ್ಣು ಸರಿಹೋಗೋ ತನಕ."

ಮತ್ತೆ ಮೊದಲಿಂದ ತಿದ್ದೋಕೆ ಕೂತ. ನಾಲ್ಕನೇ ಸಲ ನೀನು ಒಪ್ಪಿದೆ.

ಅರಿಸಿನದ ಕೊಂಬು ನಿನ್ನ ಲೇತಿನ ಮೇಲೇ ಇಟ್ಟಿದ್ದೀನಿ. ಅದು ಹಳದೀನೇ ಕಣೋ. ತಿಳೀತು ಅಂತ ಒಂದು ಸಾಲಾದರೂ ಬೇಗ ಬರಿ.

ನಿನ್ನಕ್ಕ