ಮಂಚದ ಕೆಳಗಿನ ಮೊರ

ಗುಬ್ಬಿ
ಡಿಸೆಂಬರ್ 2, 2025

ಅಬ್ಬಾಜಾನ್‌ಗೆ ಸಲಾಂ.

ಫೋನಿನಲ್ಲಾದರೆ ನೀವು ನಡುವೆಯೇ ಕಟ್ ಮಾಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ವಿಪರೀತ ಸಿಟ್ಟು ಬಂದಿದೆ.

ಹೋದ ವಾರ ತುಮಕೂರಿನ ಆಸ್ಪತ್ರೆಯಲ್ಲಿ ಅಮ್ಮಿಯ ಎರಡೂ ಮಂಡಿ ಸವೆದಿವೆ, ಆಪರೇಷನ್ ಆಗಲೇಬೇಕು ಎಂದ ಡಾಕ್ಟರಮ್ಮ, ಏನು ಕೆಲಸ ಮಾಡುತ್ತೀರಿ ಅಂತಲೂ ಕೇಳಿದರು. "ಏನಿಲ್ಲಮ್ಮ, ಮನೇಲೇ ಇದೀನಿ" ಅಂದರು ಅಮ್ಮಿ. ನೀವಾದರೂ ತಿದ್ದಬಾರದಿತ್ತೇ? "ಕೂತಲ್ಲೇ ಕೂತವಳಿಗೆ ಮಂಡಿ ಹೆಂಗ್ ಸವೀತದೆ ಮೇಡಂ? ಸೋಮಾರಿತನ ಅಷ್ಟೆ. ಆಪರೇಷನ್ನೂ ಬೇಡ, ಏನೂ ಬೇಡ" ಅಂದುಬಿಟ್ಟಿರಿ. ಪಕ್ಕದಲ್ಲಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಕೂತಿದ್ದದ್ದು ನಿಜ. ಮಡಿಲಲ್ಲಿ ಮೊರ ಇಟ್ಟುಕೊಂಡು, ಕಾಲು ಮಡಚಿ, ನಾನು ಹುಟ್ಟುವ ಮೊದಲಿನಿಂದ ಬೀಡಿ ಕಟ್ಟುತ್ತಾ ಕೂತಿದ್ದರು. ನಿಮ್ಮ ಅಂಗಡಿ ಮುಚ್ಚಿದ್ದಾಗ ಒಲೆ ಹತ್ತಿಸಿದ್ದು ಅದೇ ಬೀಡಿ. ನನ್ನನ್ನು ಲೆಕ್ಚರರ್ ಮಾಡಿದ್ದೂ ಅದೇ. ಆದರೂ ನಮ್ಮ ಮನೆಯಲ್ಲಿ ಅದು ಕೆಲಸವಲ್ಲ, ಟೈಂಪಾಸು! ಯಾರಾದರೂ ಬಾಗಿಲು ಬಡಿದರೆ ಸಾಕು, ಮೊರ ಮಂಚದ ಕೆಳಗೆ ಸೇರಬೇಕು. ಇಲ್ಲದಿದ್ದರೆ ನಿಮ್ಮ ಮರ್ಯಾದೆ ಹೋಗುತ್ತದೆ.

ಈ ವಾರ ಕಾಲೇಜಿನಲ್ಲಿ ವೈಕಿಂಗರ ಪಾಠ ಮಾಡಿದೆ. ಸಾವಿರ ವರ್ಷದ ಹಿಂದೆ ಹಡಗೇರಿ ಬಂದು ಊರೂರು ದೋಚಿದವರು ಅಂತ ಪುಸ್ತಕದಲ್ಲಿದೆ. ಸ್ವೀಡನ್ನಿನಲ್ಲಿ ಅವರ ಕಾಲದ ತಲೆಬುರುಡೆ, ಮೂಳೆಗಳನ್ನು ಅಗೆದು ಸ್ಕ್ಯಾನ್ ಮಾಡಿ ನೋಡಿದರೆ ಕಂಡದ್ದೇನು ಗೊತ್ತೇ? ಹುಳುಕು ಹಲ್ಲು, ಸೋಂಕು ತಗುಲಿದ ಕಿವಿ, ಸವೆದ ಕೀಲು. ಎಲ್ಲರ ಹಾಗೆ ದಿನಾ ದುಡಿದು, ನೋವು ನುಂಗಿಕೊಂಡು ಬದುಕಿದ ಹೆಂಗಸರು, ಗಂಡಸರು. ಹೆಸರೂ ಗೊತ್ತಿಲ್ಲದವರ ಕೀಲು ನೋಡಿ ಪಾಪ, ಎಷ್ಟು ನೋವು ತಿಂದಿತೋ ಜೀವ ಅನ್ನುವವರಿದ್ದಾರೆ. ಮಗ್ಗುಲಲ್ಲೇ ನರಳುವ ಹೆಂಡತಿಯ ಮಂಡಿ ನಿಮಗೆ ಕಾಣುವುದಿಲ್ಲವಲ್ಲ ಅಬ್ಬಾ! ಅಮ್ಮಿಯನ್ನೂ ಮಣ್ಣು ಮಾಡಿ, ಮುಂದೆ ಯಾರಾದರೂ ಅಗೆದು ಹೇಳಲಿ ಅಂತ ಕಾಯಬೇಕೇ?

ಬೇಜಾರಾದರೆ ಆಗಲಿ. ನನಗೂ ಆಗಿದೆ.

ನಿಮ್ಮ ಮೇಲೆ ಕೆಂಡವಾಗಿರುವ ಮಗಳು,
ಅರ್ಜೂ

ತಾ.ಕ.: ತಂಗಿ ಆಸ್ಮಾ ಈ ಪತ್ರವನ್ನು ನಿಮ್ಮ ಕೈಗೆ ಕೊಡುವ ಹೊತ್ತಿಗೆ ಅಮ್ಮಿ ಆಸ್ಪತ್ರೆಗೆ ಸೇರಿರುತ್ತಾರೆ. ನಿನ್ನೆ ನೀವು ಅಂಗಡಿಗೆ ಹೋದ ಮೇಲೆ ನಾನೂ ಅಮ್ಮಿಯೂ ಆಸ್ಪತ್ರೆಗೆ ಹೋಗಿ ಮಾತಾಡಿಕೊಂಡು ಬಂದೆವು. ಒಪ್ಪಿಗೆಗೆ ಅಮ್ಮಿಯ ಸಹಿಯೇ ಸಾಕಂತೆ. ಅಮ್ಮಿ ತಾವಾಗಿಯೇ ಡಾಕ್ಟರಮ್ಮನಿಗೆ "ಅವತ್ತು ಸುಳ್ಳು ಹೇಳ್ದೆ, ನಾನು ಬೀಡಿ ಕಟ್ತೀನಿ" ಅಂದರು. ಮೊರವನ್ನು ಹಜಾರದ ನಡುವೆ ಇಟ್ಟು ಹೋಗುತ್ತಾರಂತೆ. ಯಾರೇ ಬಂದರೂ ಅದನ್ನು ಅಲ್ಲಿಂದ ಎತ್ತಬೇಡಿ.