ಸ್ಟ್ರೇನ್ ಇದ್ದಲ್ಲಿ ಸ್ಟ್ರೆಸ್

ವುಲಂಗಾಂಗ್, ಮಂಗಳವಾರ, ಆಗಸ್ಟ್ ೧೨

ಲೋಹಗಳನ್ನು ಎಳೆದು ಪರೀಕ್ಷಿಸುವ ಪ್ರಯೋಗಾಲಯದಲ್ಲಿನ ಪಿಎಚ್.ಡಿ. ಅವಕಾಶವನ್ನು ಮೊಮ್ಮಗಳು ಟ್ಯಾಮ್ಸಿನ್ ತನ್ನ ಅಜಾಗರೂಕತೆಯಿಂದ ಕಳೆದುಕೊಂಡಳೆಂದು ಅಳಿಯ ಡೆಸ್ಮಂಡ್ ಊಟದ ಹೊತ್ತಿಗೆ ಹೇಳಿದ್ದು ಸರಿಯಲ್ಲ. ಅವಳ ಅರ್ಜಿಯನ್ನು ತಿದ್ದಿದವಳು ಶಿಕ್ಷಕಿಯಾಗಿದ್ದ ನಾನು. ಒಂದೇ ಪದ ಮರುಕಳಿಸಬಾರದೆಂದು, ಅವಳು ಬರೆದ ‘ಸ್ಟ್ರೇನ್’ಗಳಲ್ಲಿ ಅರ್ಧವನ್ನು ‘ಸ್ಟ್ರೆಸ್’ ಮಾಡಿದೆ. ‘ಸ್ಟ್ರೆಸ್’ ಎಂದರೆ ಲೋಹದ ಮೇಲಿನ ಒತ್ತಡ, ‘ಸ್ಟ್ರೇನ್’ ಎಂದರೆ ಅದರಿಂದ ಲೋಹ ಹಿಗ್ಗುವ ಪ್ರಮಾಣವಂತೆ. ನನ್ನನ್ನು ನಂಬಿ ಅವಳು ಮತ್ತೆ ಓದದೆ ಕಳುಹಿಸಿದಳು. ಈ ವ್ಯತ್ಯಾಸವೂ ತಿಳಿಯದವರನ್ನು ತೆಗೆದುಕೊಳ್ಳಲಾಗದೆಂದು ಇಂದು ಉತ್ತರ ಬಂದಿದೆ.

“ಮನೇಲೇ ಟೀಚರಮ್ಮ ಇದ್ರೂ ಹಿಂಗಾ ಬರೆಯೋದು?” ಎಂದು ಡೆಸ್ಮಂಡ್ ನಕ್ಕ.

“ಅವಸರ ಮಾಡ್ಬಿಟ್ಟೆ ಅಪ್ಪಾ, ತಪ್ಪು ನಂದೇ,” ಎಂದಳು ಟ್ಯಾಮ್ಸಿನ್, ನನ್ನತ್ತ ನೋಡದೆ.

ನಾನು ತಲೆ ತಗ್ಗಿಸಿ ಬಟಾಣಿ ತಿನ್ನುತ್ತಲೇ ಇದ್ದೆ. ಸುಳ್ಳೆಂದು ಗೊತ್ತಿದ್ದ ಮಾತು ನಿಜವೆಂದೇ ಉಳಿಯಲು ಬಿಟ್ಟೆ. ಮರೆಯಬಾರದೆಂದು ಬರೆದಿಡುತ್ತೇನೆ, ಆಗ ಮೇಜಿನ ಸುತ್ತ ಇದ್ದವರು: ಡೆಸ್ಮಂಡ್, ಮಗಳು ರೋವೀನಾ, ಟ್ಯಾಮ್ಸಿನ್, ಮತ್ತು ನಾನು, ವಿನಿಫ್ರೆಡ್.